ಸಂಜೆ ಐದಕ್ಕೆ ಒಂದು ಹಿಡಿ ಚಿಪ್ಪು

ಹೋದ ವರ್ಷ ದೀಪಾವಳಿ ಹೊತ್ತಿಗೆ ನಮ್ಮ ಸ್ವರ್ಣಧಾರ ತಳಿಯ ಹ್ಯಾಟೆ ಕೋಳಿಗಳು ಮೊಟ್ಟೆಗೆ ಬಂದವು. ಒಟ್ಟು 26. ಶುರುವಿನಲ್ಲಿ ಒಂದೆರಡು ಚಿಪ್ಪಿಲ್ಲದ ಮೊಟ್ಟೆ ಬೀಳೋದು ನಿಮಗೂ ಗೊತ್ತಿರುವುದೇ. ಹೊಸದು, ಸರಿ ಹೋಗುತ್ತೆ ಅಂತ ಸುಮ್ನಿದ್ದೆ. ಐದು ವಾರ ಕಳೆದರೂ ಸರಿ ಹೋಗಲಿಲ್ಲ. ದಿನಕ್ಕೆ 17-18 ಮೊಟ್ಟೆ ಬಂದರೆ ಆರೇಳು ಕೆಟ್ಟವು. ಬೆರಳಿಟ್ಟರೆ ತಗ್ಗು ಬೀಳುವಷ್ಟು ತೆಳು. ಕೆಲವಕ್ಕೆ ನಡು ಸುತ್ತ ದಾರ ಕಟ್ಟಿ ಎಳೆದ ಹಾಗೆ ಏಣು. 12 ರೂಪಾಯಿಗೆ ಒಂದರಂತೆ ತಗೊಳ್ಳುತ್ತಿದ್ದ ಪಾಂಡವಪುರದ ಅಂಗಡಿಯವರು, "ಅಕ್ಕ, ಟ್ರೇನಲ್ಲೇ ಒಡೀತಾವೆ, ಈ ವಾರ ಬೇಡ" ಅಂದುಬಿಟ್ಟರು.

ನಮ್ಮಲ್ಲಿ ಮೇವು ಅಂದರೆ ಮುಕ್ಕಾಲು ಪಾಲು ರಾಗಿ, ಜೊತೆಗೆ ಒಡೆದ ಜೋಳ, ತೌಡು. "ರಾಗಿ ತಿನ್ನೋ ಕೋಳಿಗೆ ಸುಣ್ಣದಂಶ ಕಮ್ಮಿ ಆದದಾ ಕಣವ್ವ?" ಅಂತ ಅತ್ತೆ. ನಾನೂ ಹಾಗೇ ನಂಬಿದ್ದೆ. ಆಮೇಲೆ ಲೆಕ್ಕ ಹಾಕಿದೆ. 100 ಗ್ರಾಂ ರಾಗಿಯಲ್ಲಿ ಕ್ಯಾಲ್ಸಿಯಂ ಸುಮಾರು 350 ಮಿಲಿಗ್ರಾಂ. ಮನುಷ್ಯರಿಗೆ ಅದು ಜಾಸ್ತಿಯೇ. ಆದರೆ ಒಂದು ಮೊಟ್ಟೆಯ ಚಿಪ್ಪಿಗೇ ಎರಡು ಗ್ರಾಂ ಹೋಗುತ್ತದೆ. ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲ, ಹಾಗಾಗಿ ದಿನಕ್ಕೆ ನಾಲ್ಕು ಗ್ರಾಂ ಆದರೂ ಬೇಕು. ಬರೀ ರಾಗಿಯಲ್ಲಿ ಇದು ಎಲ್ಲಿಂದ ಬರಬೇಕು?

ಮೊದಲು ಸುಣ್ಣದ ತಿಳಿ ನೀರು ಇಟ್ಟೆ. ಕೋಳಿಗಳು ನೀರು ಕುಡಿಯುವುದನ್ನೇ ಕಮ್ಮಿ ಮಾಡಿದವು, ಮೊಟ್ಟೆ ಹನ್ನೊಂದಕ್ಕೆ ಇಳಿಯಿತು. ಆಮೇಲೆ ಬಾಟಲಿ ಕ್ಯಾಲ್ಸಿಯಂ. ಲೀಟರಿಗೆ 380 ರೂಪಾಯಿ ಇರಬೇಕು, ಎರಡು ತಂದೆ. ಬೇಗ ವಾಸಿಯಾಗಲಿ ಅಂತ ಹೇಳಿದ್ದಕ್ಕಿಂತ ಜಾಸ್ತಿ ಹಾಕಿದೆ. ಚಿಪ್ಪಿನ ಮೇಲೆ ರವೆ ಅಂಟಿಸಿದ ಹಾಗೆ ಬಿಳಿ ಕಾಳು ಎದ್ದವು. ಉಗುರಿನಲ್ಲಿ ಕೆರೆದರೆ ಕಾಳು ಕಿತ್ತು ಬರುತ್ತಿತ್ತು, ಆ ಜಾಗದಲ್ಲಿ ಸೂಜಿ ಚುಚ್ಚಿದಷ್ಟು ತೂತು. ಔಷಧಿ, ಕೆಟ್ಟ ಮೊಟ್ಟೆ ಎಲ್ಲ ಸೇರಿ ಎರಡು ಸಾವಿರದ ಮೇಲೆ ಹೋಯಿತು. ಕೋಳಿ ಕೊಟ್ಟುಬಿಡೋಣ ಅಂತ ನಮ್ಮ ಯಜಮಾನರು ಎರಡು ಸಲ ಹೇಳಿದರು.

ಕೊನೆಗೆ ಶೆಲ್ ಗ್ರಿಟ್, ಅಂದರೆ ಕಪ್ಪೆಚಿಪ್ಪಿನ ಚೂರು, ತಂದೆ. ಐದು ಕೆ.ಜಿ.ಗೆ ನೂರರ ಆಸುಪಾಸು. ಮೇವಲ್ಲೂ ಅರ್ಧ ಪಾಲು ಲೇಯರ್ ಮ್ಯಾಶ್, ಅಂದರೆ ಮೊಟ್ಟೆ ಕೋಳಿಗಳ ಸಿದ್ಧ ಮೇವು, ಮಾಡಿದೆ. ಗ್ರಿಟ್ಟನ್ನು ಪುಡಿ ಮಾಡಿ ಮ್ಯಾಶ್‌ಗೆ ಬೆರೆಸು ಅಂತ ಎಲ್ಲರೂ ಹೇಳಿದರು. ನಾನು ಬೆರೆಸಲಿಲ್ಲ. ಚಿಪ್ಪು ಕಟ್ಟುವ ಕೆಲಸ ನಡೆಯುವುದು ಹೆಚ್ಚು ರಾತ್ರಿ ಹೊತ್ತು, ಅಲ್ವಾ? ಪುಡಿ ಬೇಗ ಕರಗಿ ಹೋಗುತ್ತದೆ. ಅಕ್ಕಿ ನುಚ್ಚಿಗಿಂತ ದಪ್ಪ ಇರುವ ಚೂರು ಕಲ್ಲುಹೊಟ್ಟೆಯಲ್ಲಿ ಕೂತು ರಾತ್ರಿಯೆಲ್ಲ ನಿಧಾನವಾಗಿ ಕರಗುತ್ತದೆ. ಹಾಗಾಗಿ ದಪ್ಪ ಚೂರನ್ನೇ, ಬೇರೆ ಬಾಂಡಲಿಯಲ್ಲಿ, ಸಂಜೆ ಐದಕ್ಕೆ ಇಟ್ಟೆ. ಇಷ್ಟು ಕ್ಯಾಲ್ಸಿಯಂ ತಿಂದರೆ ಮರಿಗಳ ಕಿಡ್ನಿ ಕೆಡುತ್ತದೆ, ಅದಕ್ಕೆ ಅವಕ್ಕೆ ಎಟುಕದ ಹಾಗೆ ಮೇಲಕ್ಕೆ ಕಟ್ಟಿದೆ. ಮೂರು ಹ್ಯಾಟೆ ಮಾತ್ರ ಅದರ ಹತ್ತಿರ ಸುಳಿಯಲೇ ಇಲ್ಲ. ಅವಕ್ಕೆ ರುಚಿ ಹತ್ತಿಸಿದ ರೀತಿ ನನ್ನದೇ, ಅದನ್ನು ಇಲ್ಲಿ ಬರೆಯುವುದಿಲ್ಲ.

ಹತ್ತು ದಿನಕ್ಕೆ ಕೆಟ್ಟ ಮೊಟ್ಟೆ ಎರಡಕ್ಕೆ ಇಳಿಯಿತು. ಮೂರು ವಾರಕ್ಕೆ ದಿನಕ್ಕೆ ಒಂದು, ಅದೂ ಒಮ್ಮೊಮ್ಮೆ.

ನಡು ಏಣು ಮಾತ್ರ ಹೋಗಿರಲಿಲ್ಲ. ಮೊಬೈಲ್ ಟಾರ್ಚ್ ಹಿಡಿದು ನೋಡಿದರೆ ಒಳಗೆ ಒಡೆದು ಮತ್ತೆ ಕೂಡಿಕೊಂಡ ಗೆರೆ. ಯಾವ ದಿನ ಬರುತ್ತೆ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ. ಕಬ್ಬಿನ ಟ್ರ್ಯಾಕ್ಟರ್‌ಗಳು ಹಾಡು ಜೋರಾಗಿ ಹಾಕಿಕೊಂಡು ಕತ್ತಲಾಗುವ ಹೊತ್ತಲ್ಲಿ ಹೋದ ಮಾರನೇ ದಿನವೇ ಜಾಸ್ತಿ! ಚಿಪ್ಪು ಇನ್ನೂ ತೆಳ್ಳಗಿರುವಾಗ ಬೆಚ್ಚಿ ಒಂದರ ಮೇಲೊಂದು ಬಿದ್ದರೆ ಹೊಟ್ಟೆಯೊಳಗೇ ಬಿರುಕು. ಗೂಡನ್ನು ರಸ್ತೆ ಕಡೆಯಿಂದ ಹಿತ್ತಲಿಗೆ ಸರಿಸಿದೆ, ನಿಂತಿತು.

ಗ್ರಿಟ್ಟಿನ ದುಡ್ಡೂ ಉಳಿಸೋಣ ಅಂತ ಮನೆಯ ಮೊಟ್ಟೆ ಚಿಪ್ಪು ಹುರಿದು ಕುಟ್ಟಿ ಹಾಕಿ ನೋಡಿದ್ದೂ ಆಯಿತು. ಚೆನ್ನಾಗಿಯೇ ತಿಂದವು. ಆದರೆ ಒಂದು ಚಿಪ್ಪು ಐದಾರು ಗ್ರಾಂ ತೂಗುತ್ತದೆ, ನಮ್ಮ ಕೋಳಿಗಳಿಗೆ ದಿನಕ್ಕೆ ನೂರು ಗ್ರಾಂ ಮೇಲೆ ಬೇಕು. ಅಷ್ಟು ಮೊಟ್ಟೆ ಮನೆಯಲ್ಲಿ ಯಾರು ತಿನ್ನುತ್ತಾರೆ? ನಾಲೆ ಬದಿಯ ಬಸವನಹುಳದ ಚಿಪ್ಪಿನ ಪ್ರಯೋಗ ಇನ್ನೂ ನಡೀತಿದೆ.

ಅಂಗಡಿಯವರು ಈಗ ವಾರಕ್ಕೆ ಮೂರು ಟ್ರೇ ಕೇಳುತ್ತಿದ್ದಾರೆ, 14 ರೂಪಾಯಿಗೆ. ಕಾಲಿಗೆ ಕೆಂಪು ದಾರ ಕಟ್ಟಿರುವ ಒಂದು ಹ್ಯಾಟೆ ಮಾತ್ರ ಈಗಲೂ ತುದಿಗೆ ನಾಲ್ಕು ಕಾಳು ಇರುವ ಮೊಟ್ಟೆಯನ್ನೇ ಇಡುತ್ತದೆ. ಅದನ್ನು ಮಾರುವುದಿಲ್ಲ, ಮನೆಗೆ ಇಟ್ಟುಕೊಳ್ಳುತ್ತೇವೆ.