ಮನೇಲೇ ರೋಸ್ಟೆಡ್ ಫ್ರೂಟ್ ಟಾಪಿಂಗ್: ಟ್ರೇ ಸರಿಯಾಗಿ ಆರಿಸ್ಕೊಂಡ್ರೆ ಅರ್ಧ ಕೆಲಸ ಮುಗೀತು

ಐಸ್‌ಕ್ರೀಮ್ ಮೇಲೆ, ಗಟ್ಟಿ ಮೊಸರಿನ ಮೇಲೆ, ಪ್ಯಾನ್‌ಕೇಕ್ ಮೇಲೆ ಹಾಕ್ಕೊಳ್ಳೋಕೆ ಹಣ್ಣಿನ ಟಾಪಿಂಗ್ ಬೇಕು ಅಂದ್ರೆ ತುಂಬಾ ಜನ ಸೀದಾ ಒಲೆ ಮೇಲೆ ಪಾತ್ರೆ ಇಟ್ಟು ಹಣ್ಣು, ಸಕ್ಕರೆ ಸುರಿದು ಕುದಿಸೋಕೆ ಶುರು ಮಾಡ್ತಾರೆ. ಅದು ತಪ್ಪೇನಲ್ಲ, ಆದ್ರೆ ಪಾತ್ರೇಲಿ ಹಣ್ಣು ತನ್ನದೇ ನೀರಲ್ಲಿ ಬೇಯತ್ತೆ, ತಳ ಹಿಡೀಬಾರ್ದು ಅಂತ ನಾವು ಕೈಯಾಡಿಸ್ತಾನೇ ಇರ್ತೀವಿ, ಹೋಳೆಲ್ಲ ಒಡೆದು ಕೊನೆಗೆ ಜಾಮ್‌ಗೆ ಹತ್ತಿರದ್ದೇನೋ ಒಂದು ಆಗತ್ತೆ. ಅದೇ ಓವನ್‌ನಲ್ಲಿ ರೋಸ್ಟ್ ಮಾಡಿದ್ರೆ ಹೋಳು ಹೋಳಾಗೇ ಉಳಿಯತ್ತೆ, ಅಂಚಲ್ಲಿ ಸ್ವಲ್ಪ ಕಂದು ಬಣ್ಣ ಬರತ್ತೆ, ಸುತ್ತ ಅದರದೇ ರಸ ಪಾಕ ಆಗಿರತ್ತೆ. ರುಚಿಯಲ್ಲಂತೂ ಹೋಲಿಸೋ ಹಾಗೇ ಇಲ್ಲ, ಹಣ್ಣಿನ ಘಮ ಗಟ್ಟಿಯಾಗಿ ಜೊತೆಗೆ ಕ್ಯಾರಮೆಲ್ ರುಚಿಯೂ ಒಂಚೂರು ಸೇರ್ಕೊಂಡಿರತ್ತೆ. ಅಷ್ಟೊಂದು ಚೆನ್ನಾಗಿಲ್ಲದ, ಸಪ್ಪೆ ಹೊಡಿಯೋ ಹಣ್ಣನ್ನೂ ಈ ವಿಧಾನ ಎತ್ತಿ ನಿಲ್ಲಿಸತ್ತೆ, ನನಗೆ ಇದು ಇಷ್ಟ ಆಗೋದೇ ಅದಕ್ಕೆ.

ಮಾಡೋಕೆ ಶುರು ಮಾಡೋ ಮುಂಚೆ ಒಂದು ವಿಷಯ ತಿಳ್ಕೊಂಡ್ರೆ ಉಳಿದಿದ್ದೆಲ್ಲ ಸುಲಭ. ಹಣ್ಣಲ್ಲಿ ಇರೋದು ಬಹುಪಾಲು ನೀರೇ. ಸ್ಟ್ರಾಬೆರಿಯಲ್ಲಿ ಸುಮಾರು 90%, ಸೇಬು, ಪ್ಲಮ್, ಅನಾನಸ್‌ನಲ್ಲಿ 85% ಆಸುಪಾಸು, ದ್ರಾಕ್ಷಿಯಲ್ಲಿ 80%. ಹೋಳಿನ ಮೈಮೇಲೆ ನೀರು ಇರೋ ತನಕ ಅದರ ಬಿಸಿ 100 ಡಿಗ್ರಿ ಸೆಲ್ಸಿಯಸ್ ದಾಟಲ್ಲ, ಓವನ್ ನೀವು 200ಕ್ಕೆ ಇಟ್ಟಿದ್ರೂ ಅಷ್ಟೇ. ಹಣ್ಣಲ್ಲಿರೋ ಫ್ರಕ್ಟೋಸ್ ಅನ್ನೋ ಸಕ್ಕರೆ ಕಂದಾಗೋಕೆ ಸುಮಾರು 110 ಡಿಗ್ರಿ ಆದ್ರೂ ಬೇಕು, ನಾವು ಹಾಕೋ ಸಾಮಾನ್ಯ ಸಕ್ಕರೆಗೆ 160ರ ಮೇಲೆ. ಅಂದ್ರೆ ಮೊದ್ಲು ನೀರು ಹೋಗ್ಬೇಕು, ಆಮೇಲೇ ಬಣ್ಣ, ಆಮೇಲೇ ಆ ರುಚಿ. ಆ ನೀರು ಸಲೀಸಾಗಿ ಆವಿಯಾಗಿ ಹೋಗತ್ತೋ ಇಲ್ಲ ಟ್ರೇ ಒಳಗೇ ನಿಂತು ಹಣ್ಣನ್ನ ಬೇಯಿಸ್ತಾ ಕೂರತ್ತೋ ಅನ್ನೋದನ್ನ ತೀರ್ಮಾನ ಮಾಡೋದು ಮಾತ್ರ ನೀವು ಇಡೋ ಟ್ರೇ.

ಟ್ರೇ ಬಗ್ಗೆ

ಅರ್ಧ ಕೆಜಿ ಹಣ್ಣಿಗೆ ಸುಮಾರು 30 ಸೆಂಟಿಮೀಟರ್ ಉದ್ದ, 20ರಿಂದ 25 ಸೆಂಟಿಮೀಟರ್ ಅಗಲ ಇರೋ ಟ್ರೇ ಸರಿಯಾಗತ್ತೆ. ಅಂಚು ಎರಡು ಮೂರು ಸೆಂಟಿಮೀಟರ್ ಎತ್ತರ ಇದ್ರೆ ಸಾಕು, ರಸ ಚೆಲ್ಲದೇ ಇದ್ರಾಯ್ತು. ಕೇಕ್ ಮಾಡೋ ಥರದ ಆಳ ಪಾತ್ರೆ ತಗೊಂಡ್ರೆ ಆವಿ ಗೋಡೆಗೆ ಬಡಿದು ಅಲ್ಲೇ ಸುತ್ತತ್ತೆ, ಹಣ್ಣು ಮೆತ್ತಗಾಗತ್ತೆ ಹೊರತು ರೋಸ್ಟ್ ಆಗಲ್ಲ. ಹೋಳುಗಳು ಒಂದೇ ಪದರದಲ್ಲಿ ಇರ್ಬೇಕು, ಮಧ್ಯೆ ಮಧ್ಯೆ ಅರ್ಧ ಬೆರಳು ಜಾಗ ಬಿಡಿ. ಹಾಗಂತ ದೊಡ್ಡ ಟ್ರೇಲಿ ನಾಲ್ಕೇ ನಾಲ್ಕು ಹೋಳು ಹರಡೋದೂ ಬೇಡ, ಯಾಕಂದ್ರೆ ಆಗ ರಸ ತೆಳ್ಳಗೆ ಹರಿದು ಖಾಲಿ ಜಾಗದಲ್ಲಿ ಕರಕಲಾಗತ್ತೆ, ಆ ಕಹಿ ಇಡೀ ಟಾಪಿಂಗ್‌ಗೆ ಬರತ್ತೆ. ಹಣ್ಣು ಜಾಸ್ತಿ ಇದ್ರೆ ಎರಡು ಟ್ರೇ ಮಾಡಿ, ಒಂದರಲ್ಲೇ ತುರುಕೋಕೆ ಹೋಗ್ಬೇಡಿ.

ಇನ್ನೊಂದು, ಬರೀ ಅಲ್ಯುಮಿನಿಯಂ ಟ್ರೇ ಮೇಲೆ ಹುಳಿ ಹಣ್ಣನ್ನ ನೇರವಾಗಿ ಇಡ್ಬೇಡಿ, ಹುಳಿ ಲೋಹದ ಜೊತೆ ಸೇರಿ ಒಂಥರಾ ಲೋಹದ ರುಚಿ ಬರತ್ತೆ. ಬೇಕಿಂಗ್ ಪೇಪರ್ ಹಾಸಿ, ಪೇಪರ್‌ನ ಅಂಚು ಸ್ವಲ್ಪ ಮೇಲೆ ಬರೋ ಹಾಗೆ ಇರ್ಲಿ, ಆಮೇಲೆ ಪಾಕ ಎತ್ತೋಕೂ ಅನುಕೂಲ. ಗಾಜಿಂದು, ಪಿಂಗಾಣಿದು ಆದ್ರೆ ಪೇಪರ್ ಬೇಕಿಲ್ಲ, ಆದ್ರೆ ಬಿಸಿ ಗಾಜಿಗೆ ತಣ್ಣೀರು ಮುಟ್ಟಿಸ್ಬೇಡಿ, ಒಡೆದು ಹೋಗತ್ತೆ.

ಬೇಕಾಗೋ ಸಾಮಾನು

ಹೆಚ್ಚಿದ ಹಣ್ಣು 500 ಗ್ರಾಂ, ಸಕ್ಕರೆ ಎರಡು ಟೇಬಲ್ ಸ್ಪೂನ್ ಅಂದ್ರೆ ಸುಮಾರು 25 ಗ್ರಾಂ, ನಿಂಬೆರಸ ಎರಡು ಟೀ ಸ್ಪೂನ್, ಒಂದು ಚಿಟಿಕೆ ಉಪ್ಪು. ಇಷ್ಟೇ. ವೆನಿಲ್ಲಾ ಇದ್ರೆ ಅರ್ಧ ಟೀ ಸ್ಪೂನ್, ಅದು ಕೊನೇಲಿ. ಹಣ್ಣು ತುಂಬಾ ಹುಳಿ ಇದ್ರೆ ಸಕ್ಕರೆ ಇನ್ನೊಂದು ಚಮಚ ಜಾಸ್ತಿ ಮಾಡಿ, ಚೆನ್ನಾಗಿ ಸಿಹಿ ಇದ್ರೆ ಒಂದೇ ಚಮಚ ಹಾಕಿ. ಪೂರ್ತಿ ಬಿಟ್ಟುಬಿಡೋದು ಬೇಡ, ಸಕ್ಕರೆ ಬರೀ ಸಿಹಿಗಲ್ಲ, ಹಣ್ಣೊಳಗಿನ ರಸನ ಹೊರಗೆ ಎಳೆದು ಪಾಕ ಆಗೋ ಹಾಗೆ ಮಾಡೋದೇ ಅದು. ನಿಂಬೆರಸನೂ ಹಾಗೇ, ರುಚಿ ಚುರುಕು ಮಾಡೋದರ ಜೊತೆಗೆ ಸ್ಟ್ರಾಬೆರಿ, ಪ್ಲಮ್ ಥರದ ಹಣ್ಣಿನ ಕೆಂಪು ಬಣ್ಣ ಉಳಿಸತ್ತೆ. ಸಕ್ಕರೆ ಬದಲು ಜೇನುತುಪ್ಪ ಹಾಕೋರು ಓವನ್ ಬಿಸಿನ 10, 15 ಡಿಗ್ರಿ ಕಮ್ಮಿ ಇಡಿ, ಜೇನಲ್ಲಿ ಫ್ರಕ್ಟೋಸ್ ಜಾಸ್ತಿ ಇರೋದ್ರಿಂದ ಬೇಗ ಸೀದು ಹೋಗತ್ತೆ.

ಹಣ್ಣು ಮಾಗಿರ್ಬೇಕು, ಆದ್ರೆ ಒತ್ತಿದ್ರೆ ಇನ್ನೂ ಗಟ್ಟಿ ಅನ್ನಿಸ್ಬೇಕು. ಅತಿಯಾಗಿ ಮಾಗಿದ್ದು ಓವನ್‌ನಲ್ಲಿ ಹತ್ತೇ ನಿಮಿಷಕ್ಕೆ ಕುಸಿದು ಬೀಳತ್ತೆ. ಕಲ್ಲಂಗಡಿ, ಕಿತ್ತಳೆ ತೊಳೆ ಇವಕ್ಕೆಲ್ಲ ಈ ವಿಧಾನ ಹೊಂದಲ್ಲ, ನೀರು ಬಿಟ್ಟು ಬಿಟ್ಟು ಕೊನೆಗೆ ನಾರು ಮಾತ್ರ ಉಳಿಯತ್ತೆ.

ಈಗ ಮಾಡೋದು

ಹಣ್ಣು ತೊಳೆದು ಬಟ್ಟೇಲಿ ಚೆನ್ನಾಗಿ ಒರೆಸಿ, ಆಮೇಲೆ ಹೆಚ್ಚಿ, ಹೆಚ್ಚಿದ ಮೇಲೆ ತೊಳೀಬೇಡಿ. ಸ್ಟ್ರಾಬೆರಿ ಆದ್ರೆ ತೊಟ್ಟು ತೆಗೆದು ಎರಡು ಭಾಗ, ಸಣ್ಣದನ್ನ ಇಡಿಯಾಗೇ ಬಿಡಿ. ಪ್ಲಮ್, ಪೀಚ್ ಆದ್ರೆ ಬೀಜ ತೆಗೆದು ನಾಲ್ಕು ಭಾಗ, ಸಿಪ್ಪೆ ತೆಗೀಬೇಡಿ, ಹೋಳನ್ನ ಹಿಡಿದಿಡೋದೇ ಅದು. ದ್ರಾಕ್ಷಿ ಇಡಿಯಾಗೇ ಇರ್ಲಿ. ಅನಾನಸ್, ಸೇಬು, ಪೇರ್ ಎರಡು ಸೆಂಟಿಮೀಟರ್ ಹೋಳು. ಯಾವ್ದೇ ಹಣ್ಣಾಗ್ಲಿ ಎಲ್ಲಾ ಹೋಳು ಹೆಚ್ಚುಕಮ್ಮಿ ಒಂದೇ ಸೈಜ್ ಇರ್ಲಿ, ಇಲ್ಲಾಂದ್ರೆ ಸಣ್ಣದು ಸೀಯೋ ಹೊತ್ತಿಗೆ ದೊಡ್ಡದು ಹಸಿ ಇರತ್ತೆ.

ಒಂದು ಬೌಲ್‌ನಲ್ಲಿ ಹಣ್ಣು, ಸಕ್ಕರೆ, ನಿಂಬೆರಸ, ಉಪ್ಪು ಹಾಕಿ ಕೈಯಲ್ಲೇ ಮೆಲ್ಲಗೆ ಕಲಸಿ 15 ನಿಮಿಷ ಬಿಡಿ. ಆ ಹೊತ್ತಲ್ಲಿ ಓವನ್‌ನ 200 ಡಿಗ್ರಿಗೆ ಬಿಸಿಗಿಡಿ, ಫ್ಯಾನ್ ಇರೋ ಓವನ್ ಆದ್ರೆ 180 ಸಾಕು. 15 ನಿಮಿಷ ಆದ್ಮೇಲೆ ನೋಡಿದ್ರೆ ಸಕ್ಕರೆ ಕಾಣಲ್ಲ, ಬೌಲ್ ತಳದಲ್ಲಿ ರಸ ನಿಂತಿರತ್ತೆ. ರಸನೂ ಸೇರಿಸೇ ಟ್ರೇಗೆ ಹಾಕಿ, ಹೆಚ್ಚಿದ ಮುಖ ಮೇಲೆ ಬರೋ ಹಾಗೆ ಹೋಳುಗಳನ್ನ ತಿರುಗಿಸಿ ಇಟ್ಟು ಮಧ್ಯದ ರ‍್ಯಾಕ್‌ನಲ್ಲಿ ಇಡಿ.

ಇಲ್ಲಿಂದ ಗಡಿಯಾರಕ್ಕಿಂತ ಟ್ರೇ ಕಡೆ ಕಣ್ಣಿಡೋದು ಮುಖ್ಯ. ಸ್ಟ್ರಾಬೆರಿನೇ ತಗೊಳ್ಳಿ. ಎಂಟು ಹತ್ತು ನಿಮಿಷಕ್ಕೆ ರಸ ಟ್ರೇ ತುಂಬಾ ಹರಡಿ, ಹಣ್ಣು ಪೇಲವ ಆಗಿ, ಅಯ್ಯೋ ಇದು ಹಾಳಾಯ್ತು ಅನ್ನಿಸತ್ತೆ, ಹೆದರ್ಬೇಡಿ, ಅದು ಹಾಗೇ. ಆಗ ರಸದಲ್ಲಿ ಏಳೋ ಗುಳ್ಳೆ ಚಿಕ್ಕದಾಗಿ, ನೊರೆ ನೊರೆಯಾಗಿ, ಎದ್ದ ತಕ್ಷಣ ಒಡೀತಾ ಇರತ್ತೆ, ಅಂದ್ರೆ ಇನ್ನೂ ನೀರೇ. 12ನೇ ನಿಮಿಷದ ಹೊತ್ತಿಗೆ ಒಂದ್ಸಲ ಟ್ರೇ ಹೊರಗೆ ತೆಗೆದು ಚಮಚದಲ್ಲಿ ಆ ರಸನ ಹೋಳುಗಳ ಮೇಲೆ ಸುರಿದು, ಟ್ರೇ ಹಿಂದುಮುಂದು ತಿರುಗಿಸಿ ಮತ್ತೆ ಇಡಿ. ಕಲಕೋದು ಬೇಡ. 18, 20 ನಿಮಿಷ ದಾಟಿದ ಮೇಲೆ ಗುಳ್ಳೆಗಳು ದೊಡ್ಡದಾಗತ್ತೆ, ನಿಧಾನಕ್ಕೆ ಉಬ್ಬಿ ನಿಧಾನಕ್ಕೆ ಒಡೆಯತ್ತೆ, ರಸಕ್ಕೆ ಹೊಳಪು ಬರತ್ತೆ, ಹಣ್ಣಿನ ಬಣ್ಣ ಗಾಢ ಆಗಿ ಅಂಚು ಸ್ವಲ್ಪ ಸುಕ್ಕಾಗತ್ತೆ. ಟ್ರೇ ಓರೆ ಮಾಡಿದ್ರೆ ಪಾಕ ನೀರಿನ ಥರ ಓಡದೆ ಕೊಂಚ ಸೋಮಾರಿಯಾಗಿ ಜಾರ್ಬೇಕು. ಅಲ್ಲಿಗೆ ತೆಗೆದುಬಿಡಿ. ಇನ್ನೂ ಸ್ವಲ್ಪ ತೆಳ್ಳಗಿದೆಯಲ್ಲಾ ಅಂತ ನಿಮಗೆ ಅನ್ನಿಸೋವಾಗ್ಲೇ ತೆಗೀಬೇಕು, ಯಾಕಂದ್ರೆ ಆರ್ತಾ ಆರ್ತಾ ಪಾಕ ಗಟ್ಟಿಯಾಗತ್ತೆ, ಓವನ್ ಒಳಗೇ ನಿಮಗೆ ಬೇಕಾದಷ್ಟು ಗಟ್ಟಿ ಆಗಿಬಿಟ್ಟಿದ್ರೆ ತಣ್ಣಗಾದ ಮೇಲೆ ಅಂಟು ಮಿಠಾಯಿ ಆಗತ್ತೆ. ಪ್ಲಮ್, ಸೇಬು ಮಾಡೋವಾಗ ಇನ್ನೂ ಹುಷಾರು, ಅದ್ರಲ್ಲಿ ರಸನ ಗಟ್ಟಿ ಮಾಡೋ ಪೆಕ್ಟಿನ್ ಅನ್ನೋ ಅಂಶ ಜಾಸ್ತಿ, ಆರಿದಾಗ ಸ್ಟ್ರಾಬೆರಿಗಿಂತ ಬೇಗ ಬಿಗಿಯತ್ತೆ.

ಹೊರಗೆ ತೆಗೆದ ಮೇಲೆ ಐದು ನಿಮಿಷ ಬಿಟ್ಟು ವೆನಿಲ್ಲಾ ಹಾಕಿ, ಬಿಸಿ ಓವನ್‌ಗೆ ಮುಂಚೇನೇ ಹಾಕಿದ್ರೆ ಅದರ ಘಮ ಹೆಚ್ಚಿನದ್ದು ಗಾಳಿಗೇ ಹೋಗತ್ತೆ. ರುಚಿ ನೋಡೋ ಆಸೆ ಎಷ್ಟೇ ಇದ್ರೂ ಸ್ವಲ್ಪ ತಡ್ಕೊಳ್ಳಿ, ಸಕ್ಕರೆ ಪಾಕ ನಾಲಿಗೆಗೆ ಅಂಟ್ಕೊಂಡು ಸುಡತ್ತೆ. ಅರ್ಧ ಕೆಜಿ ಹಣ್ಣಿಗೆ ಕೊನೇಲಿ ಸಿಗೋದು ಹೆಚ್ಚುಕಮ್ಮಿ ಒಂದು ಕಪ್, ಒಂದೂಕಾಲು ಕಪ್ ಅಷ್ಟೇ.

ಬೇರೆ ಹಣ್ಣಿಗೆ ಎಷ್ಟು ಹೊತ್ತು

ಪ್ಲಮ್, ಪೀಚ್ 200 ಡಿಗ್ರಿಯಲ್ಲಿ 25, 30 ನಿಮಿಷ. ದ್ರಾಕ್ಷಿಗೆ ಬಿಸಿ ಜಾಸ್ತಿ ಬೇಕು, 220ರಲ್ಲಿ 15ರಿಂದ 20 ನಿಮಿಷ, ಅಲ್ಲೊಂದು ಇಲ್ಲೊಂದು ಸಿಪ್ಪೆ ಬಿರಿದು ರಸ ಸೋರೋಕೆ ಶುರುವಾದ್ರೆ ಆಯ್ತು. ಸೇಬು, ಪೇರ್ 200ರಲ್ಲಿ 30ರಿಂದ 40, ಚಾಕು ಚುಚ್ಚಿದ್ರೆ ತಡೆ ಇಲ್ಲದೆ ಇಳೀಬೇಕು. ಅಂಜೂರ 15 ನಿಮಿಷಕ್ಕೇ ರೆಡಿ. ಅನಾನಸ್ 220ರಲ್ಲಿ 25, 30 ನಿಮಿಷ, ಇದು ನನ್ನ ಪ್ರಕಾರ ರೋಸ್ಟ್ ಮಾಡೋಕೇ ಹುಟ್ಟಿದ ಹಣ್ಣು, ಅಷ್ಟು ಚೆನ್ನಾಗಿ ಬಣ್ಣ ಬರತ್ತೆ. ಹಸಿ ಅನಾನಸ್‌ನಲ್ಲಿ ಬ್ರೋಮೆಲೈನ್ ಅನ್ನೋ ಕಿಣ್ವ ಇರೋದ್ರಿಂದ ಮೊಸರು, ಕ್ರೀಮ್ ಜೊತೆ ಬೆರೆಸಿಟ್ರೆ ಸ್ವಲ್ಪ ಹೊತ್ತಿಗೆ ಕಹಿಯಾಗತ್ತೆ, ಬಿಸಿ ತಾಗಿದ್ರೆ ಆ ಕಿಣ್ವ ಕೆಲಸ ನಿಲ್ಲಿಸತ್ತೆ, ಹಾಗಾಗಿ ರೋಸ್ಟ್ ಮಾಡಿದ್ದನ್ನ ಮೊಸರಿನ ಮೇಲೆ ಧೈರ್ಯವಾಗಿ ಹಾಕ್ಬಹುದು.

ಎರಡು ಮೂರು ಹಣ್ಣು ಸೇರಿಸೋ ಆಸೆ ಇದ್ರೆ ಬೇಯೋ ಟೈಮ್ ಹತ್ತಿರ ಇರೋದನ್ನ ಜೋಡಿ ಮಾಡಿ. ಸೇಬು ಮತ್ತೆ ಸ್ಟ್ರಾಬೆರಿ ಒಟ್ಟಿಗೇ ಬೇಕೇ ಬೇಕು ಅಂದ್ರೆ ಸೇಬನ್ನ ಮೊದ್ಲು ಕಾಲು ಗಂಟೆ ರೋಸ್ಟ್ ಮಾಡಿ ಆಮೇಲೆ ಸ್ಟ್ರಾಬೆರಿ ಸೇರಿಸಿ. ಫ್ರೋಜನ್ ಹಣ್ಣೂ ಆಗತ್ತೆ, ಕರಗಿಸೋಕೆ ಹೋಗದೆ ಸಕ್ಕರೆ ಹಾಕಿ ಸೀದಾ ಟ್ರೇಗೆ ಹಾಕಿ, ಹತ್ತು ನಿಮಿಷ ಜಾಸ್ತಿ ಹಿಡಿಯತ್ತೆ, ಹೋಳು ಅಷ್ಟು ಚೆಂದ ನಿಲ್ಲಲ್ಲ ಆದ್ರೆ ರುಚಿಗೇನೂ ಮೋಸ ಇಲ್ಲ.

ಮಸಾಲೆ ಹಾಕೋದಾದ್ರೆ ಒಂದೇ ಒಂದು ಹಾಕಿ. ಸೇಬಿಗೆ ಚಕ್ಕೆ, ಪ್ಲಮ್‌ಗೆ ಶುಂಠಿ, ಸ್ಟ್ರಾಬೆರಿಗೆ ಕಾಳುಮೆಣಸಿನ ಪುಡಿ ಚೂರೇ ಚೂರು, ಅನಾನಸ್‌ಗೆ ಏಲಕ್ಕಿ. ಸೇಬು, ಅನಾನಸ್‌ಗೆ ಒಂದು ಚಮಚ ಬೆಣ್ಣೆನೂ ಸೊಗಸು, ಆದ್ರೆ ಅದು ಬಿಸಿಬಿಸಿಯಾಗಿ ತಿನ್ನೋದಾದ್ರೆ ಮಾತ್ರ, ಫ್ರಿಜ್‌ಗೆ ಹೋದ್ರೆ ಬೆಣ್ಣೆ ಬಿಳಿ ಬಿಳಿ ಚೂರಾಗಿ ಹೆಪ್ಪುಗಟ್ಟಿ ಬಾಯಿಗೆ ಮೇಣದ ಹಾಗೆ ಸಿಗತ್ತೆ.

ಓವನ್ ಇಲ್ದೇ ಇರೋರಿಗೆ

ಏರ್ ಫ್ರೈಯರ್ ಇದ್ರೆ ಜಾಲರಿ ಮೇಲೆ ಹಾಕ್ಬೇಡಿ, ರಸ ಎಲ್ಲಾ ಕೆಳಗೆ ಸೋರತ್ತೆ, ಒಳಗೆ ಹಿಡಿಯೋ ಚಿಕ್ಕ ಟಿನ್‌ನಲ್ಲಿ 250 ಗ್ರಾಂ ಹಾಕಿ 180 ಡಿಗ್ರಿಯಲ್ಲಿ 10ರಿಂದ 12 ನಿಮಿಷ ಇಡಿ. ಅದೂ ಇಲ್ಲಾಂದ್ರೆ ದಪ್ಪ ತಳದ ಅಗಲ ಬಾಣಲಿ ಚೆನ್ನಾಗಿ ಕಾಯಿಸಿ, ಸಕ್ಕರೆ ಹಾಕದ ಹೋಳುಗಳನ್ನ ಹೆಚ್ಚಿದ ಮುಖ ಕೆಳಗೆ ಮಾಡಿ ಇಟ್ಟು ಮುಟ್ಟದೆ ಎರಡು ಮೂರು ನಿಮಿಷ ಬಿಡಿ, ಬಣ್ಣ ಬಂದ ಮೇಲೆ ತಿರುಗಿಸಿ ಸಕ್ಕರೆ, ನಿಂಬೆರಸ ಹಾಕಿ ಪಾಕ ಆಗೋ ತನಕ ಇಡಿ. ಮುಚ್ಚಳ ಮಾತ್ರ ಮುಚ್ಚಬಾರ್ದು.

ಹದ ತಪ್ಪಿದ್ರೆ

ಹಣ್ಣು ಬೆಂದಾಯ್ತು, ಪಾಕ ಮಾತ್ರ ನೀರು ನೀರು ಅಂದ್ರೆ ಹಣ್ಣನ್ನ ಪಕ್ಕಕ್ಕೆ ತೆಗೆದು ರಸನ ಮಾತ್ರ ಸಣ್ಣ ಪಾತ್ರೇಲಿ ಎರಡು ಮೂರು ನಿಮಿಷ ಕುದಿಸಿ ವಾಪಸ್ ಸುರೀರಿ. ಪಾಕ ಬಿಗಿದು ಹೋದ್ರೆ ಒಂದೊಂದೇ ಚಮಚ ಬಿಸಿ ನೀರು ಹಾಕ್ತಾ ಬಿಡಿಸಿ. ಸಿಹಿ ಜಾಸ್ತಿ ಅನ್ನಿಸಿದ್ರೆ ಇನ್ನೊಂದೆರಡು ಹನಿ ನಿಂಬೆ. ಹೋಳು ಪೂರ್ತಿ ಕರಗಿ ಹೋಗಿದ್ರೆ ಸೌಟಲ್ಲಿ ಮಸೆದು ಸಾಸ್ ಮಾಡ್ಕೊಳ್ಳಿ, ಅದೂ ಐಸ್‌ಕ್ರೀಮ್‌ಗೆ ಚೆನ್ನಾಗೇ ಇರತ್ತೆ. ಸೀದ ವಾಸನೆ ಬಂದಿದ್ರೆ ಮಾತ್ರ ಕರಕಲು ಭಾಗದ ರಸನ ಕೆರೆದು ಸೇರಿಸ್ಬೇಡಿ, ಮೇಲಿನ ಹಣ್ಣಷ್ಟೇ ಎತ್ಕೊಳ್ಳಿ.

ಇಟ್ಕೊಳ್ಳೋದು

ನೋಡೋಕೆ ಜಾಮ್ ಥರ ಇದ್ರೂ ಇದು ಜಾಮ್ ಅಲ್ಲ. ಜಾಮ್‌ನಲ್ಲಿ 60% ಮೇಲೆ ಸಕ್ಕರೆ ಇರತ್ತೆ, ಅದೇ ಅದನ್ನ ಕೆಡದಂತೆ ಕಾಯೋದು, ಇದ್ರಲ್ಲಿ ಅಷ್ಟು ಇಲ್ಲ, ಹಾಗಾಗಿ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇಡ್ಬೇಡಿ. ಆರಿದ ತಕ್ಷಣ ತೊಳೆದು ಒಣಗಿಸಿದ ಗಾಜಿನ ಬಾಟಲಿಗೆ ಹಾಕಿ ಫ್ರಿಜ್‌ನಲ್ಲಿಟ್ರೆ ನಾಲ್ಕೈದು ದಿನ ಆರಾಮಾಗಿ ಬರತ್ತೆ, ಒದ್ದೆ ಚಮಚ ಹಾಕ್ಬೇಡಿ ಅಷ್ಟೇ. ಜಾಸ್ತಿ ಮಾಡಿಟ್ಕೊಳ್ಳೋದಾದ್ರೆ ಐಸ್ ಟ್ರೇಲಿ ತುಂಬಿ ಫ್ರೀಜ್ ಮಾಡಿ, ಗಟ್ಟಿಯಾದ ಮೇಲೆ ಕವರ್‌ಗೆ ಹಾಕಿ ದಿನಾಂಕ ಬರೆದಿಡಿ, ಎರಡು ಮೂರು ತಿಂಗಳಲ್ಲಿ ಮುಗಿಸಿ. ಬೇಕಾದಾಗ ಹಿಂದಿನ ರಾತ್ರಿ ಫ್ರಿಜ್‌ಗೆ ಇಳಿಸ್ಕೊಂಡ್ರೆ ಬೆಳಗ್ಗೆ ರೆಡಿ ಇರತ್ತೆ, ಬಿಸಿ ಓಟ್ಸ್‌ಗಾದ್ರೆ ಕರಗಿಸೋದೂ ಬೇಡ, ಕ್ಯೂಬ್ ಹಾಗೇ ಹಾಕಿ ಕಲಸ್ಬಿಡಿ.