ಸ್ನಾಯುವಿನ ಸಾರದಿಂದ ನರತಂತು ಬೆಳೆಯಿತು: ಬಳ್ಳಾರಿಯಲ್ಲಿ ನನ್ನ ಅನುಭವ

ಕೋಳಿ ಭ್ರೂಣದಿಂದ ತೆಗೆದ ಗ್ಯಾಂಗ್ಲಿಯಾನ್ (ನರಕೋಶಗಳ ಗಂಟು) ಸ್ನಾಯುಸಾರ ಸೋಕಿದರೆ ನರತಂತು ಚಾಚುತ್ತದೆ ಎಂಬುದು ನನ್ನ ವಾದ. ಅದು ಬೆಳೆಯುವ ದ್ರವದಲ್ಲಿ ಸೀರಮ್, ಅಂದರೆ ರಕ್ತದ ತಿಳಿಯೂ ಇತ್ತು. ಅದಕ್ಕೇ "ತಂತು ಬೆಳೆಸಿದ್ದು ಸೀರಮ್, ನಿಮ್ಮ ಸ್ನಾಯುಸಾರವಲ್ಲ" ಎಂಬ ಮಾತನ್ನು ಎರಡು ವರ್ಷ ಕೇಳಿದೆ. ಮೊದಲ ವರ್ಷದ ಮಟ್ಟಿಗೆ ಅದು ನಿಜವೇ. ಶೇ. 10ರಷ್ಟು ಸೀರಮ್ ಇದ್ದಾಗ ಸಾರ ಸೋಕದ ಗ್ಯಾಂಗ್ಲಿಯಾನ್ ಕೂಡ ತಂತು ಚಾಚಿತ್ತು.

ಅದಕ್ಕೂ ಮೊದಲು ಮೊಟ್ಟೆಯ ಪಾಡು. ಕೊಪ್ಪಳದ ಕಡೆಯ ಹ್ಯಾಚರಿಯಿಂದ ಏಪ್ರಿಲ್ ಮಧ್ಯಾಹ್ನದ ಬಸ್ಸಿನಲ್ಲಿ ಬಂದ ಟ್ರೇಗಳು ದಾರಿಯಲ್ಲೇ ಕಾವು ಹಿಡಿಯುತ್ತಿದ್ದವು. ಗ್ಯಾಂಗ್ಲಿಯಾನ್ ತೆಗೆಯಲು ಎಂಟನೆಯ ದಿನ ಒಡೆದರೆ ಒಂದೊಂದು ಭ್ರೂಣಕ್ಕೂ ಒಂದೊಂದು ವಯಸ್ಸು, ಅರ್ಧದಷ್ಟು ಸತ್ತಿರುತ್ತಿದ್ದವು. ನಸುಕಿನ ಬಸ್ಸಿಗೆ ಬದಲಿಸಿ, ಬಂದ ಕೂಡಲೇ 16 ಡಿಗ್ರಿಯಲ್ಲಿ ಇಡತೊಡಗಿದ ಮೇಲೆ ಆ ಕಾಟ ತಪ್ಪಿತು.

ಸಾರ ತೆಗೆದದ್ದು ಹನ್ನೊಂದನೆಯ ದಿನದ ಭ್ರೂಣದ ತೊಡೆಯ ಸ್ನಾಯುವಿನಿಂದ. ಒಂದು ರಾತ್ರಿ ವಿದ್ಯುತ್ ಹೋಗಿ ಫ್ರೀಜರ್ ಕರಗಿತು. ಸಾರ ಮೊದಲಿನಂತೆಯೇ ತಿಳಿಯಾಗಿ ಕಾಣುತ್ತಿತ್ತು, ಒಳಗೆ ಪ್ರೋಟೀನ್ ಕತ್ತರಿಸುವ ಸ್ನಾಯುವಿನದೇ ಪ್ರೋಟಿಯೇಸ್‌ಗಳು ಕೆಲಸ ಮುಗಿಸಿದ್ದವು. ಅದು ತಿಳಿಯದೆ ಮೂರು ವಾರ, ಸುಮಾರು ನಲವತ್ತು ಸಾವಿರ ರೂಪಾಯಿಯ ಸಾಮಗ್ರಿ ಸುರಿದೆ. ಈಗ ಸಣ್ಣ ಸಣ್ಣ ಟ್ಯೂಬುಗಳಲ್ಲಿ ಹಂಚಿಡುತ್ತೇನೆ, ಒಮ್ಮೆ ಕರಗಿದ್ದನ್ನು ಮತ್ತೆ ಬಳಸುವುದಿಲ್ಲ. ಅರೆಯುವ ಬಫರಿಗೆ ನಾನು ಸೇರಿಸುವ ಇನ್ನೊಂದು ವಸ್ತುವಿದೆ. ಪ್ರಬಂಧ ಅಚ್ಚಾಗುವವರೆಗೆ ಅದನ್ನು ಹೇಳಲಾರೆ.

ಕೊನೆಗೆ ಸೀರಮ್ ಪೂರ್ತಿ ಬಿಟ್ಟೆ. ಕೋಶ ಬದುಕಲು ಬೇಕಾದ ಇನ್ಸುಲಿನ್, ಟ್ರಾನ್ಸ್‌ಫೆರಿನ್ ಮಾತ್ರ ಉಳಿಸಿ, ಕೋಶಗಳಿಗೆ ಹಿಡಿತ ಕೊಡುವ ಲ್ಯಾಮಿನಿನ್ ಪ್ರೋಟೀನ್ ಹಾಸಿದ ಪ್ಲೇಟಿನಲ್ಲಿ ಮೂರು ಸಾಲು ಹೂಡಿದೆ: ಹಸಿ ಸಾರ, ಕುದಿಸಿದ ಸಾರ, ಪ್ರೋಟೀನ್ ಕತ್ತರಿಸುವ ಟ್ರಿಪ್ಸಿನ್ ಹಾಕಿದ ಸಾರ. ಕೆಲಸ ಮಾಡುವುದು ಸಾರದ ಪ್ರೋಟೀನೇ ಆಗಿದ್ದರೆ ಕೊನೆಯ ಎರಡರಲ್ಲಿ ತಂತು ಬರಬಾರದು. ಟ್ರಿಪ್ಸಿನ್ ಸಾಲು ಮೊದಲ ಸಲ ಹಾಳಾಯಿತು. ಟ್ರಿಪ್ಸಿನ್ ತಡೆಯುವ ಸೋಯಾ ಇನ್ಹಿಬಿಟರ್ ಕಡಿಮೆಯಾಗಿ ಗ್ಯಾಂಗ್ಲಿಯಾನ್‌ಗಳೇ ಕಿತ್ತು ತೇಲಿದವು. ಎರಡನೆಯ ಸಲ ಎರಡು ದಿನದ ನಂತರ ನೋಡಿದಾಗ ಹಸಿ ಸಾರದ ಇಪ್ಪತ್ತು ಗ್ಯಾಂಗ್ಲಿಯಾನ್‌ಗಳಲ್ಲಿ ಹದಿನಾರರ ಸುತ್ತ ತಂತುಗಳು ಕಿರಣದಂತೆ ಹರಡಿದ್ದವು. ಕುದಿಸಿದ್ದರಲ್ಲಿ ಒಂದೋ ಎರಡೋ, ಟ್ರಿಪ್ಸಿನ್ ಸಾಲಿನಲ್ಲೂ ಅಷ್ಟೇ. ಆ ಸಂಜೆ ನಾನು ಮನೆಗೆ ಹೋಗಲೇ ಇಲ್ಲ. ಅನುಮಾನಿಸಿದವರನ್ನು ಮರುದಿನ ಕರೆದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದೆ. ಈ ಜಿಲ್ಲೆಯಲ್ಲಿ ಇಷ್ಟು ಸ್ವಚ್ಛವಾದ ಪ್ಲೇಟು ಮತ್ತೊಬ್ಬರ ಬಳಿ ಇದೆಯೆಂದು ನಾನು ಒಪ್ಪುವುದಿಲ್ಲ.

ಇಲ್ಲಿ ಇಂಥ ಕೆಲಸ ಆಗದು ಎನ್ನುವವರಿಗೆ ರೀಟಾ ಲೆವಿ-ಮೊಂಟಾಲ್ಚಿನಿ ಅವರನ್ನು ನೆನಪಿಸುತ್ತೇನೆ. ಯುದ್ಧಕಾಲದಲ್ಲಿ ಟ್ಯೂರಿನ್‌ನ ತಮ್ಮ ಮಲಗುವ ಕೋಣೆಯಲ್ಲೇ ಕೋಳಿ ಭ್ರೂಣ ಕೊಯ್ದವರು ಅವರು. ನರಬೆಳವಣಿಗೆಯ ಅಂಶ ಎನ್‌ಜಿಎಫ್‌ಗಾಗಿ 1986ರಲ್ಲಿ ಸ್ಟ್ಯಾನ್ಲಿ ಕೋಹೆನ್ ಜೊತೆ ನೊಬೆಲ್ ಪಡೆದರು. ಇಂಥ ಅಂಶಗಳಲ್ಲಿ ನನ್ನ ಸಾರದಲ್ಲಿರುವುದು ಯಾವುದೆಂಬುದು ಮುಂದಿನ ಕೆಲಸ. ಸ್ನಾಯು ಎನ್‌ಟಿ-3, ಬಿಡಿಎನ್‌ಎಫ್, ಜಿಡಿಎನ್‌ಎಫ್ ಎಂಬ ಮೂರೂ ನರಪೋಷಕ ಪ್ರೋಟೀನುಗಳನ್ನು ಮಾಡುತ್ತದೆ.

ನಡುವೆ ಹೃದಯ ಮತ್ತು ಯಕೃತ್ತಿನ ಸಾರವನ್ನೂ ಹಾಕಿ ನೋಡಿದೆ. ಯಕೃತ್ತಿನಲ್ಲಿ ಚಿಗುರು ಬೆರಳೆಣಿಕೆಯಷ್ಟು. ಹೃದಯದ್ದು ತೊಡೆಗಿಂತ ಗಿಡ್ಡ ತಂತು, ಆದರೆ ದಟ್ಟ. ಆ ದಟ್ಟಣೆಯ ಬೆನ್ನು ಹತ್ತಲು ಮುಂದಿನ ವಾರ ಇನ್ನೆರಡು ಟ್ರೇ ಮೊಟ್ಟೆಗೆ ಹೇಳಿದ್ದೇನೆ.