ಸುದ್ದಿಯ ವಾಕ್ಯದೊಳಗಿನ ಲಿಂಕ್: ನಮ್ಮ ಡೆಸ್ಕಿನಲ್ಲಿ ರೂಢಿಗೆ ಬಂದ ಕ್ರಮ

ಸುದ್ದಿತಾಣವೊಂದರ ಡೆಸ್ಕಿನ ಹೊಣೆ ನನ್ನ ಪಾಲಿಗೆ ಬಂದಾಗ, ಲೇಖನಗಳ ನಡುವೆ ಕಾಣುತ್ತಿದ್ದ ಲಿಂಕ್‌ಗಳಲ್ಲಿ ಬಹುಪಾಲು ಯಾರೂ ಯೋಚಿಸಿ ಹಾಕಿದವಾಗಿರಲಿಲ್ಲ. ವ್ಯಕ್ತಿಯದೋ ಸಂಸ್ಥೆಯದೋ ಹೆಸರು ಬಂದ ಕಡೆಯಲ್ಲೆಲ್ಲ ತಂತ್ರಾಂಶವೇ ಟ್ಯಾಗ್ ಪುಟದ, ಅಂದರೆ ಆ ಹೆಸರಿನಡಿ ನಮ್ಮ ಸುದ್ದಿಗಳನ್ನೆಲ್ಲ ಪಟ್ಟಿಮಾಡುವ ಪುಟದ, ಲಿಂಕ್ ಅಂಟಿಸುತ್ತಿತ್ತು. ತೀರ್ಪಿನ ಸುದ್ದಿಯಲ್ಲಿ ‘ತೀರ್ಪು’ ಎಂಬುದನ್ನು ಒತ್ತಿದವರಿಗೆ ತೀರ್ಪಿನ ಪ್ರತಿಯ ಬದಲು ನಮ್ಮವೇ ಹಳೆಯ ಸುದ್ದಿಗಳ ಪಟ್ಟಿ ಎದುರಾಗುತ್ತಿತ್ತು. ನಾನು ಮೊದಲು ಆ ಸೌಲಭ್ಯವನ್ನು ನಿಲ್ಲಿಸಿ, ಟ್ಯಾಗ್‌ಗಳನ್ನು ಲೇಖನದ ಕೊನೆಗೆ ಇಳಿಸಿದೆ. ವಾಕ್ಯದೊಳಗಿನ ಲಿಂಕ್ ಇರುವುದು ಸುದ್ದಿಯ ಆಧಾರವನ್ನು ತೋರಿಸಲು, ಓದುಗರನ್ನು ತಾಣದೊಳಗೇ ಸುತ್ತಾಡಿಸಲು ಅಲ್ಲ ಎಂಬ ನಿಲುವಿನಿಂದಲೇ ಮುಂದಿನ ಕ್ರಮಗಳು ಹುಟ್ಟಿದವು.

‘ವರದಿ ಹೇಳಿದೆ’, ‘ಆದೇಶದಲ್ಲಿದೆ’ ಎಂದು ಬರೆಯುವ ವರದಿಗಾರರು ಆ ದಾಖಲೆಯ ವೆಬ್ ವಿಳಾಸವನ್ನೂ ಕಾಪಿಯ (ಸುದ್ದಿಯ ಬರಹದ) ಜತೆಗೇ ಕೊಡಬೇಕು. ಸಂಬಂಧಪಟ್ಟ ಇಲಾಖೆಯ ಮುಖಪುಟದ ವಿಳಾಸ ಕೊಟ್ಟು ಕೈತೊಳೆದುಕೊಂಡರೆ ಕಾಪಿ ಹಿಂದಕ್ಕೆ ಹೋಗುತ್ತದೆ. ದಾಖಲೆ ನೂರಾರು ಪುಟಗಳ ಪಿಡಿಎಫ್ ಆಗಿದ್ದರೆ ವಿಳಾಸದ ಕೊನೆಗೆ ಹ್ಯಾಶ್ ಚಿಹ್ನೆ ಹಾಕಿ ಪುಟಸಂಖ್ಯೆಯ ಸೂಚನೆ ಸೇರಿಸುತ್ತೇವೆ. ಬಹುತೇಕ ಬ್ರೌಸರ್‌ಗಳು ಆಗ ನೇರವಾಗಿ ಆ ಪುಟವನ್ನೇ ತೆರೆಯುತ್ತವೆ. ಸುದ್ದಿಯನ್ನು ಮೊದಲು ಹೊರಗೆಡವಿದ್ದು ಬೇರೆ ಪತ್ರಿಕೆಯಾಗಿದ್ದರೆ ಅದಕ್ಕೂ ಲಿಂಕ್ ಕೊಡುತ್ತೇವೆ. ಓದುಗರನ್ನು ನಾವೇ ಎದುರಾಳಿಯ ಮನೆಗೆ ಕಳುಹಿಸುವುದೇ ಎಂಬ ಆಕ್ಷೇಪ ಸುದ್ದಿಮನೆಯೊಳಗೇ ಎದ್ದಿತು. ಮೂಲವನ್ನು ನೋಡಲೇಬೇಕೆಂದಿರುವವರು ಹೇಗೂ ಹುಡುಕಿಕೊಂಡು ಹೋಗುತ್ತಾರೆ, ಲಿಂಕ್ ಕೊಡದಿದ್ದರೆ ನಮ್ಮ ಪಾಲಿಗೆ ಉಳಿಯುವುದು ಏನನ್ನೋ ಮುಚ್ಚಿಟ್ಟೆವೆಂಬ ಗುಮಾನಿ ಮಾತ್ರ ಎಂದು ನಾನು ಉತ್ತರಿಸಿದ್ದೆ. ಈಗಲೂ ನನ್ನ ಅಭಿಪ್ರಾಯ ಅದೇ.

ಲಿಂಕ್ ಯಾವ ಪದಗಳ ಮೇಲೆ ಕೂರಬೇಕು ಎಂಬುದಕ್ಕೆ ಹೆಚ್ಚು ಹೊತ್ತು ಹಿಡಿಯಿತು. ದೃಷ್ಟಿದೋಷವಿರುವ ಅನೇಕರು ಪರದೆಯ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶದಲ್ಲಿ ಪುಟದ ಲಿಂಕ್‌ಗಳನ್ನಷ್ಟೇ ಪಟ್ಟಿಮಾಡಿ ಕೇಳಿಸಿಕೊಳ್ಳುತ್ತಾರೆ. ‘ಇಲ್ಲಿ ಕ್ಲಿಕ್ ಮಾಡಿ’ ಎಂಬುದೇ ಐದು ಸಲ ಕೇಳಿಸಿದರೆ ಅದರಿಂದ ಅವರಿಗೆ ಏನೂ ತಿಳಿಯುವುದಿಲ್ಲ. ‘ಅಣೆಕಟ್ಟಿನ ಸುರಕ್ಷತೆಯ ಕುರಿತು ಲೆಕ್ಕಪರಿಶೋಧಕರ ವರದಿಯಲ್ಲಿ ಆಕ್ಷೇಪ ಎತ್ತಲಾಗಿದೆ’ ಎಂಬ ವಾಕ್ಯದಲ್ಲಿ ನಾವು ‘ಲೆಕ್ಕಪರಿಶೋಧಕರ ವರದಿಯಲ್ಲಿ’ ಎಂಬಷ್ಟಕ್ಕೆ ಲಿಂಕ್ ಕೊಡುತ್ತೇವೆ. ವಿಭಕ್ತಿ ಪ್ರತ್ಯಯವನ್ನು ಹೊರಗಿಟ್ಟು ‘ವರದಿ’ಗೆ ಮಾತ್ರ ಗೆರೆ ಎಳೆದರೆ ಒಂದೇ ಪದ ಎರಡು ಬಣ್ಣಗಳಲ್ಲಿ ಸೀಳಿ ನಿಲ್ಲುತ್ತದೆ. ಇಡೀ ವಾಕ್ಯಕ್ಕೆ ಲಿಂಕ್ ಹಾಕುವುದೂ ಬೇಡ. ಅದರಲ್ಲಿ ಯಾವ ಮಾತಿಗೆ ಆಧಾರ ಕೊಟ್ಟಿದ್ದೇವೆಂಬುದೇ ಮಸುಕಾಗುತ್ತದೆ.

ಬಣ್ಣವೊಂದರಿಂದಲೇ ಲಿಂಕನ್ನು ಗುರುತಿಸುವಂತಾಗಬಾರದು ಎಂಬುದು ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಮಾರ್ಗಸೂಚಿಯ ಆಶಯ. ಆದ್ದರಿಂದ ಅಡಿಗೆರೆ ಇರಲೇಬೇಕೆಂದು ಪಟ್ಟು ಹಿಡಿದೆ. ಆದರೆ ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ, ಇಂಗ್ಲಿಷಿಗೆ ಒಪ್ಪುವ ಅಡಿಗೆರೆ ‘ರಾಷ್ಟ್ರೀಯ’ದಂಥ ಪದದಲ್ಲಿ ಒತ್ತುಗಳ ಮೇಲೆಯೇ ಹಾಯುತ್ತದೆ, ಬ್ರೌಸರ್ ಅಕ್ಷರ ತಾಕುವಲ್ಲೆಲ್ಲ ಗೆರೆಯನ್ನು ಬಿಟ್ಟುಬಿಟ್ಟು ಎಳೆದರೆ ಕೊನೆಗೆ ಉಳಿಯುವುದು ಬರಿಯ ತುಂಡುಗಳು. ಪುಟದ ವಿನ್ಯಾಸವನ್ನು ನಿಗದಿಪಡಿಸುವ ಸಿಎಸ್ಎಸ್‌ ಸಂಕೇತದಲ್ಲಿ ಅಡಿಗೆರೆಯ ಅಂತರವನ್ನು ಹೆಚ್ಚಿಸಿ, ಗೆರೆಯನ್ನು ತೆಳುವಾಗಿಸಿ, ಅದಕ್ಕೆ ತಕ್ಕಂತೆ ಸಾಲುಗಳ ನಡುವಿನ ಜಾಗವನ್ನೂ ಹಿಗ್ಗಿಸಿದ ಮೇಲೆ ಪುಟ ಓದಲು ಹಿತವಾಯಿತು.

ಲಿಂಕ್ ಹೊಸ ಟ್ಯಾಬಿನಲ್ಲಿ ತೆರೆಯಬೇಕೇ ಎಂಬ ಪ್ರಶ್ನೆಯನ್ನು ಓದುಗರಿಗೇ ಬಿಟ್ಟಿದ್ದೇವೆ. ಹಣ ಪಡೆದ ಲಿಂಕ್‌ಗಳಿಗೆ ಸುದ್ದಿಯ ವಾಕ್ಯದೊಳಗೆ ಜಾಗವೇ ಇಲ್ಲ.

ಪ್ರಕಟವಾದ ಮೇಲಿನ ಕೆಲಸವೇ ದೊಡ್ಡದು. ‘ನ್ಯೂಯಾರ್ಕ್ ಟೈಮ್ಸ್’ ಲೇಖನಗಳಲ್ಲಿ ನಿರ್ದಿಷ್ಟ ಪುಟಗಳಿಗೆ ಕೊಟ್ಟಿದ್ದ ಲಿಂಕ್‌ಗಳ ಪೈಕಿ ಸುಮಾರು ಶೇ 25ರಷ್ಟು ಸತ್ತುಹೋಗಿವೆ, ಅಂದರೆ ಒತ್ತಿದರೆ ಆ ಪುಟ ಸಿಗುವುದಿಲ್ಲ ಎಂದು ಹಾರ್ವರ್ಡ್ ಸಂಶೋಧಕರು 2021ರಲ್ಲಿ ತೋರಿಸಿದ್ದರು. 1998ರ ಲೇಖನಗಳಲ್ಲಿ ಆ ಪ್ರಮಾಣ ಶೇ 72. ಆದ್ದರಿಂದ ಲೇಖನ ಪ್ರಕಟವಾಗುವ ದಿನವೇ ಅದರ ಮುಖ್ಯ ಆಧಾರಗಳನ್ನು ವೆಬ್ ಪುಟಗಳ ಪ್ರತಿಗಳನ್ನು ಕಾಪಿಡುವ, ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಉಳಿಸಿಡುತ್ತೇವೆ. ಲಿಂಕ್ ಸತ್ತರೆ ಅದರ ಬದಲು ಉಳಿಸಿದ ಪ್ರತಿಯ ವಿಳಾಸ ಹಾಕಿ, ಅದು ಯಾವ ದಿನದ ಪ್ರತಿಯೆಂದು ಆವರಣದಲ್ಲಿ ತಿಳಿಸುತ್ತೇವೆ. ಸತ್ತ ಲಿಂಕ್ ಹುಡುಕುವ ತಂತ್ರಾಂಶವನ್ನೇ ಪೂರ್ತಿ ನೆಚ್ಚಲಾಗದು: ಹಳೆಯ ಡೊಮೇನನ್ನು (ತಾಣದ ಹೆಸರನ್ನು) ಬೇರೆ ಯಾರೋ ಕೊಂಡು ಜೂಜಿನ ಪುಟ ತೆರೆದಿದ್ದರೆ, ಅದರ ಲೆಕ್ಕದಲ್ಲಿ ಆ ಲಿಂಕ್ ಜೀವಂತವಾಗಿಯೇ ಇರುತ್ತದೆ. ಇಂಥವನ್ನು ಕಣ್ಣಾರೆ ನೋಡಿಯೇ ಹಿಡಿಯಬೇಕು.

ಸುಳ್ಳು ಸುದ್ದಿಯೊಂದನ್ನು ಅಲ್ಲಗಳೆಯುವ ಲೇಖನಕ್ಕೆ ಮಾತ್ರ ಬೇರೆ ಕ್ರಮವಿದೆ. ಅಲ್ಲಿ ಮೂಲ ಪೋಸ್ಟಿಗೆ ನೇರ ಲಿಂಕ್ ಕೊಟ್ಟರೆ ಅದಕ್ಕೆ ನಾವೇ ಓದುಗರನ್ನು ಒದಗಿಸಿದಂತಾಗುತ್ತದೆ, ಕೊಡದಿದ್ದರೆ ನಾವು ಯಾವುದನ್ನು ಅಲ್ಲಗಳೆಯುತ್ತಿದ್ದೇವೆಂಬುದಕ್ಕೆ ಸಾಕ್ಷಿಯಿರುವುದಿಲ್ಲ. ಹಾಗಾಗಿ ಅದರ ಆರ್ಕೈವ್ ಪ್ರತಿಗೆ, ಈ ಲಿಂಕನ್ನು ನಮ್ಮ ಶಿಫಾರಸೆಂದು ಎಣಿಸಬೇಡಿ ಎಂದು ಸರ್ಚ್ ಎಂಜಿನ್‌ಗಳಿಗೆ ಸೂಚಿಸುವ ‘ನೋಫಾಲೋ’ ಗುರುತಿನೊಂದಿಗೆ ಲಿಂಕ್ ಕೊಡುತ್ತೇವೆ. ದ್ವೇಷದ ವಿಡಿಯೊಗಳ ವಿಷಯದಲ್ಲಿ ಅಷ್ಟನ್ನೂ ಕೊಡಬೇಕೇ ಎಂಬ ವಾದ ನಮ್ಮಲ್ಲಿ ಇನ್ನೂ ತೀರಿಲ್ಲ. ಸದ್ಯಕ್ಕೆ ಪ್ರತಿ ಸಲವೂ ಸಂಪಾದಕರ ಒಪ್ಪಿಗೆ ಪಡೆಯುತ್ತಿದ್ದೇವೆ.